ಲಾವಾ ಮಾಸ್ತರ್ರು

"ಬೆಂಕಿ ಕಂಡ್ರೇನ್ರಿ ಸರ್ರ?"

ನಮ್ಮೂರ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೂ ಕೇಳಬಾರದ ಪ್ರಶ್ನೆ ಇದೊಂದೇ. ಕೇಳಿದವನ ಚಹಾ ಆರಿ ಹೋಗುತ್ತದೆ, ಉಮದಿಯ ಎಸ್‌ಟಿ ಬಂದು ಹೋಗುತ್ತದೆ, ಜತ್ತದ ಕಚೇರಿ ಕೆಲಸ ಸೋಮವಾರಕ್ಕೆ ಬೀಳುತ್ತದೆ. ಊರವರು ಯಾರೂ ಕೇಳುವುದಿಲ್ಲ. ಮಾಡಗ್ಯಾಳದ ಕುರಿ ಕೊಳ್ಳಲು ಬಂದವರೋ, ದಾಳಿಂಬಿ ತೋಟ ನೋಡಲು ಬಂದ ವ್ಯಾಪಾರಸ್ಥರೋ ತಿಳಿಯದೆ ಕೇಳುತ್ತಾರೆ. ನಾವು ಕಣ್ಸನ್ನೆ ಮಾಡುವುದರೊಳಗೆ ಮಾಸ್ತರ್ರು ಬೆಂಚಿನ ಮೇಲೆ ಅತ್ತ ಸರಿದು, "ಕೂಡ್ರು ತಮ್ಮಾ" ಅಂದಾಗಿರುತ್ತದೆ.

ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು. ಪ್ರತಿ ವರ್ಷ ಕರಿ ಹಲಗೆಯ ಮೇಲೆ ಒಂದು ಗುಡ್ಡ ಬರೆದು, ಅದರ ನೆತ್ತಿಗೆ ಕೆಂಪು ಸೀಮೆಸುಣ್ಣದಿಂದ ಬೆಂಕಿ ಬರೆದು, "ಇದಕ್ಕೇನಂತಾರ?" ಎಂದು ಕೇಳುತ್ತಿದ್ದರು. ನಾವು "ಒಲಿ" ಅನ್ನುತ್ತಿದ್ದೆವು. ಅಳಿಯನಿಗೆ ಮಾರಿಷಸ್‌ನಲ್ಲಿ ನೌಕರಿಯಾದದ್ದೇ ತಡ, ಆ ಮೂವತ್ತು ವರ್ಷದ ಕೆಂಪು ಸೀಮೆಸುಣ್ಣವೆಲ್ಲ ಮಾಸ್ತರ್ರ ಎದೆಯೊಳಗೆ ಕುದಿಯತೊಡಗಿರಬೇಕು. ಮಗಳ ಮನೆಗೆಂದು ಹೋದವರು ಅಲ್ಲಿಂದ ಮುಕ್ಕಾಲು ತಾಸಿನ ವಿಮಾನ ಹತ್ತಿ ರಿಯೂನಿಯನ್ ದ್ವೀಪಕ್ಕೆ ಹೋಗಿ ಆರು ದಿನ ಇದ್ದು ಬಂದರು. ಆರು ದಿನದ ಆ ಪ್ರವಾಸ ಐದು ವರ್ಷದಿಂದ ನಮ್ಮೂರ ಸ್ಟ್ಯಾಂಡಿನಲ್ಲಿ ನಡೆದಿದೆ.

ಪರವೂರಿಗೆ ಹೋಗಿ ಬಂದವರು ನಮಗೆ ಹೊಸಬರಲ್ಲ. ಕಾಶಿಗೆ ಹೋಗಿ ಬಂದವರು ಒಂದೊಂದು ಉದ್ಧರಣೆ ಗಂಗಾಜಲ ಕೊಟ್ಟು ಸುಮ್ಮನಾಗುತ್ತಾರೆ. ದುಬೈಗೆ ಹೋಗಿ ಬಂದವನ ಮೈಯ ಅತ್ತರು ಹಾರಿದ ದಿನ ಮಾತೂ ಹಾರುತ್ತದೆ. ಮಾಸ್ತರ್ರನ್ನು ಮಾತ್ರ ತಡೆಯಲಾಗದು. ದುಬೈ ವಿಷಯವಾದರೆ "ಸುಳ್ಳ ಹೇಳಬ್ಯಾಡ, ನಮ್ಮ ಮಾವನ ಮಗ ಅಲ್ಲೇ ಅದಾನ" ಅನ್ನಲು ಒಬ್ಬನಾದರೂ ಇರುತ್ತಾನೆ. ರಿಯೂನಿಯನ್ನಿಗೆ ನಮ್ಮ ತಾಲೂಕಿನಿಂದ ಹೋದ ಎರಡನೆಯ ಮನುಷ್ಯನನ್ನು ನಾವಿನ್ನೂ ಹುಡುಕುತ್ತಿದ್ದೇವೆ.

ಹೆಸರಿನಿಂದಲೇ ಗೊಂದಲ ಶುರು. ಬಂದ ಹೊಸದರಲ್ಲಿ "ರಿಯೂನಿಯನ್ನಿಗೆ ಹೋಗಿದ್ನಿ" ಅಂದಾಗ ಅಂಗಡಿಯವ, "ಯಾವ ಯೂನಿಯನ್ರಿ, ಹಾಲಿಂದೋ ಶಿಕ್ಷಕರದೋ?" ಅಂದುಬಿಟ್ಟ. ಅಂದಿನಿಂದ ಮಾಸ್ತರ್ರು ಮೂಗಿನಲ್ಲಿ ಗಾಳಿ ಹಿಡಿದು "ರೆಯುನಿಯೋಂ" ಅನ್ನುತ್ತಾರೆ. ಕೇಳಿದವರು ನೆಗಡಿಗೆ ಕಷಾಯ ಹೇಳುತ್ತಾರೆ. ಅದಕ್ಕೂ ಅವರ ಬಳಿ ಪಾಠವಿದೆ. "ಮೊದಲು ಬೂರ್ಬೊಂ ಅಂತಿದ್ರು, ಅದು ಫ್ರಾನ್ಸಿನ ಅರಸರ ಮನೆತನದ ಹೆಸರು. ಕ್ರಾಂತಿ ಆತು, 1793ಕ್ಕ ರೆಯುನಿಯೋಂ ಅಂದ್ರು. ನೆಪೋಲಿಯನ್ ಬಂದ, ಬೋನಾಪಾರ್ತ್ ಅಂದ್ರು. 1810ಕ್ಕ ಇಂಗ್ಲಿಷರು ಹಿಡದ್ರು, ಮತ್ತ ಬೂರ್ಬೊಂ ಅಂದ್ರು. 1848ಕ್ಕ ಮತ್ತ ರೆಯುನಿಯೋಂ."

"ಬೋರ್ಡ್ ಬರಿಯಾಂವಗ ಭಾರಿ ಕಮಾಯಿ ಬಿಡ್ರಿ" ಎಂದ ಅಂಗಡಿಯವ. ಮಹಾರಾಷ್ಟ್ರ-ಕರ್ನಾಟಕ ಗಡಿಯವರಿಗೆ ಇಂಥ ಲೆಕ್ಕ ತಟ್ಟನೆ ಹೊಳೆಯುತ್ತದೆ.

ಆ ದ್ವೀಪದ ಮಳೆಯ ಕಥೆ ಹೇಳಿದ ದಿನ ಮಾತ್ರ ಅಂಗಡಿಯಲ್ಲಿ ಯಾರೂ ನಗಲಿಲ್ಲ. 1966ರ ಜನವರಿಯಲ್ಲಿ ಅಲ್ಲಿಯ ಫೋಕ್‌ಫೋಕ್ ಎಂಬಲ್ಲಿ 24 ತಾಸಿನಲ್ಲಿ 1,825 ಮಿ.ಮೀ. ಮಳೆ ಬಿತ್ತು, ಅದು ಜಗತ್ತಿನ ದಾಖಲೆ. ನಮ್ಮಲ್ಲಿ ವರ್ಷವಿಡೀ ಸುರಿದರೆ ಐದುನೂರರ ಆಸುಪಾಸು. ಅಂದರೆ ನಮ್ಮ ಮೂರು ವರ್ಷದ ಮಳೆಯನ್ನು ಅವರ ಮುಗಿಲು ಒಂದು ಹಗಲು ಒಂದು ರಾತ್ರಿಯಲ್ಲಿ ಸುರಿದು, ಮೇಲೆ ಕೊಸರನ್ನೂ ಹಾಕಿತು. ಮ್ಹೈಸಾಳ ಏತ ನೀರಾವರಿಯ ನೀರಿಗಾಗಿ ಎಷ್ಟೋ ವರ್ಷ ಮೋರ್ಚಾ ಮಾಡಿದ ಹಿರಿಯರೊಬ್ಬರು ಬಹಳ ಹೊತ್ತು ಗ್ಲಾಸು ತಿರುಗಿಸುತ್ತ ಕುಳಿತು, "ಅದನ್ನ ಇತ್ತ ಎತ್ತಿ ಹಾಕಾಕ ಎಷ್ಟ್ ಎಚ್‌ಪಿ ಮೋಟರ್ ಬೇಕಾಗತೈತ್ರಿ ಸರ್ರ?" ಎಂದು ಕೇಳಿದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ.

ಆದರೆ ಮಾಸ್ತರ್ರ ನಿಜವಾದ ಬಂಡವಾಳ ಕಲ್ಲು.

"ನೀ ಕುಂತಿ ಅಲ್ಲ, ಆ ಕರಿಕಲ್ಲು ಎಲ್ಲಿಂದ ಬಂತು ಗೊತ್ತೇನು?" ಎಂದು ಶುರುಮಾಡುತ್ತಾರೆ. ಗೊತ್ತಿಲ್ಲದವ ಈಗ ನಮ್ಮೂರಲ್ಲಿ ಯಾರೂ ಇಲ್ಲ. ದನ ಕಾಯುವ ಹುಡುಗನೂ ಒಪ್ಪಿಸುತ್ತಾನೆ. ಆರೂವರೆ ಕೋಟಿ ವರ್ಷದ ಹಿಂದೆ ಭಾರತ ಇನ್ನೂ ದಕ್ಷಿಣದ ಸಮುದ್ರದಲ್ಲಿ ತೇಲುತ್ತ ಬರುವಾಗ, ಈಗ ರಿಯೂನಿಯನ್ ಇರುವ ಕಡೆಯ ಭೂಮಿಯ ಹೊಟ್ಟೆಯ ಬಿಸಿ ನಮ್ಮ ನೆಲ ಸೀಳಿಕೊಂಡು ಮೇಲೆ ಬಂತು. ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಅದೇ ದಖ್ಖನ್ನಿನ ಕರಿಕಲ್ಲು. ಅದು ಸವೆದು ಪುಡಿಯಾದದ್ದೇ ನಮ್ಮ ಮುರುಮು, ನಮ್ಮ ಎರಿ ಮಣ್ಣು. ಭಾರತ ಉತ್ತರಕ್ಕೆ ನಡೆಯಿತು, ಒಲೆ ಇದ್ದಲ್ಲೇ ಉಳಿಯಿತು. ಆಮೇಲೆ ಅದೇ ಒಲೆಯ ಮೇಲೆ ಮಾಲ್ದೀವ್ಸ್‌ನ ಬುಡ ಎದ್ದಿತು, ಮಾರಿಷಸ್ ಎದ್ದಿತು, ಕಟ್ಟಕಡೆಗೆ ರಿಯೂನಿಯನ್. ಭೂವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ ಮಾತಿದು. ಮಾಸ್ತರ್ರು ಅದಕ್ಕೆ ತಮ್ಮದೊಂದು ಸಾಲು ಸೇರಿಸುತ್ತಾರೆ: "ಅವರು ನಮ್ಮ ತಮ್ಮಂದ್ರು. ನಾವು ಮೊದಲನೇ ಪಂಕ್ತಿಗೆ ಉಂಡವ್ರು, ಅವರು ಕಡೀ ಪಂಕ್ತಿ."

ಇದನ್ನು ಮೊದಲ ಸಲ ಕೇಳಿದ ದಿನ, ಬಾವಿ ತೋಡಿಸಲು ಹೋಗಿ ಕೈ ಸುಟ್ಟುಕೊಂಡಿದ್ದ ರೈತನೊಬ್ಬ ಎದ್ದೇ ನಿಂತ. "ನಲವತ್ತು ಫೂಟು ಕಲ್ಲು ಒಡಸೀನ್ರಿ. ಹನಿ ನೀರ ಬೀಳಲಿಲ್ಲ. ಆ ಕಲ್ಲು ಅವರದ ಅಂದಮ್ಯಾಲ ನುಕಸಾನಿನ ಅರ್ಜಿ ಯಾರಿಗೆ ಕೊಡಬೇಕು, ಅಡ್ರೆಸ್ ಬರಕೊಡ್ರಿ." ಮಾಸ್ತರ್ರು ನಿಜವಾಗಿಯೂ ಚೀಟಿ ತೆಗೆದು "ಸೇಂಟ್ ದನಿ" ಎಂದು ರಾಜಧಾನಿಯ ಹೆಸರು ಬರೆದುಕೊಟ್ಟರು.

ಅವರ ಮನೆಯವರು, ಅಂದರೆ ನಮ್ಮ ಕಾಕು, ಈ ಪ್ರವಾಸದ ಏಕೈಕ ಸಾಕ್ಷಿ. ಸಾಕ್ಷಿ ಬಹಳ ಗಟ್ಟಿ. "ಇವರದು ಕಲ್ಲಾತು, ನನ್ನ ಪಾಡು ಕೇಳ್ರಿ. ಎಲ್ಲಿ ಹೋದ್ರೂ ಕೋಳಿ, ಇಲ್ಲಾ ಮೀನ. ಅನ್ನ, ಬ್ಯಾಳಿ, ಮ್ಯಾಲ ಒಂದೀಟು ರುಗಾಯ್." ಸಿಲಾವ್ಸ್ ಕಣಿವೆಯ ಬೇಳೆ ಅಲ್ಲಿ ಹೆಸರುವಾಸಿ, ಮಾಸ್ತರ್ರು ಆರು ದಿನವೂ ಅದನ್ನೇ ಉಂಡರು. ರುಗಾಯ್ ಅಂದರೆ ಟೊಮೆಟೊ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕುಟ್ಟಿದ ಚಟ್ನಿ. ತಮಿಳರ ಊರುಗಾಯ್ ಫ್ರೆಂಚರ ಬಾಯೊಳಗೆ ಹೊಕ್ಕು ರುಗಾಯ್ ಆಗಿ ಹೊರಬಿತ್ತು ಎಂದು ಮಾಸ್ತರ್ರು ವ್ಯಾಕರಣ ಬಿಡಿಸುತ್ತಿದ್ದರೆ ಕಾಕು, "ಟಮಾಟಿ ಚಟ್ನಿ ತಿನ್ನಾಕ ಇಮಾನ ಹತ್ತಿಸಿದ್ರಿ. ಗಂಟಿನ್ಯಾಗ ಶೇಂಗಾ ಹಿಂಡಿ ಇರದಿದ್ರ ನನ್ನ ಅಲ್ಲೇ ಮಣ್ಣು ಮಾಡಿ ಬರ್ತಿದ್ರಿ" ಎಂದು ಒಳಗೆ ಹೋಗುತ್ತಾರೆ.

ಆ ತಮಿಳರು ಅಲ್ಲಿಗೆ ಹೋದದ್ದು ನಗೆಯ ಕಥೆಯಲ್ಲ. 1848ರ ಡಿಸೆಂಬರ್ 20ಕ್ಕೆ ಅಲ್ಲಿ ಗುಲಾಮಗಿರಿ ಹೋಯಿತು, ಅರವತ್ತು ಸಾವಿರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಕಬ್ಬಿನ ತೋಟಗಳಿಗೆ ಆಳು ಬೇಕಾದರು. 1860ರಲ್ಲಿ ಇಂಗ್ಲೆಂಡ್-ಫ್ರಾನ್ಸ್ ಒಪ್ಪಂದ ಮಾಡಿಕೊಂಡು ಹಡಗುಗಟ್ಟಲೆ ಕೂಲಿಗಳನ್ನು ನಮ್ಮ ದೇಶದಿಂದ ಒಯ್ದರು. ಅವರ ಮರಿಮಕ್ಕಳನ್ನು ಅಲ್ಲಿ ಮಲ್ಬಾರ್ ಅನ್ನುತ್ತಾರೆ. ಗುಡಿ, ಕಾವಡಿ, ಕೆಂಡ ಹಾಯುವುದು ಎಲ್ಲ ಉಳಿದಿದೆ. ಮಾತು ಮಾತ್ರ ಬಹಳ ಮಂದಿಗೆ ಉಳಿದಿಲ್ಲ. ಸೇಂಟ್ ಆಂದ್ರೆ ಊರಲ್ಲಿ ಹಣೆಗೆ ಬೊಟ್ಟಿಟ್ಟ ಒಬ್ಬ ಮುದುಕನನ್ನು ಕಂಡು ಮಾಸ್ತರ್ರು ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಮಾತಾಡಿಸಿದರಂತೆ. ಆತ ಮೂರಕ್ಕೂ ನಕ್ಕ. ಕೊನೆಗೆ ಕಾಕು ಅಂಗಳದ ನುಗ್ಗೆ ಗಿಡ ತೋರಿಸಿ ಪಲ್ಯ ಮಾಡಿ ಉಣ್ಣುವ ಸನ್ನೆ ಮಾಡಿದ್ದಕ್ಕೆ ಒಂದು ಹೊರೆ ಸೊಪ್ಪು ಮುರಿದುಕೊಟ್ಟನಂತೆ. ಇದನ್ನು ಹೇಳುವಾಗ ಮಾಸ್ತರ್ರ ದನಿ ಸ್ವಲ್ಪ ತಗ್ಗುತ್ತದೆ. ಇದೊಂದು ಭಾಗ ಐದು ವರ್ಷದಲ್ಲಿ ಒಂದಿಷ್ಟೂ ಬೆಳೆದಿಲ್ಲ.

ಅಲ್ಲಿ ಕಚೇರಿಗೆ ಫ್ರೆಂಚ್, ಮನೆಗೆ ಕ್ರಿಯೋಲ್. ಜತ್ತದ ಮನುಷ್ಯನಿಗೆ ಇದನ್ನು ತಿಳಿಸಿ ಹೇಳಬೇಕಾಗಿಲ್ಲ. ನಾವು ಮನೆಯಲ್ಲಿ ಕನ್ನಡ ಮಾತಾಡಿ, ಹೊಲದ ಸಾತಬಾರಾ ಉತಾರೆಯನ್ನು ಮರಾಠಿಯಲ್ಲಿ ತಂದು, ಫೋನಿನಲ್ಲಿ ಹಿಂದಿ ಕೇಳುವವರು. ಕ್ರಿಯೋಲಿನಲ್ಲಿ "ಕೊಮಾಂ ಇ ಲೆ?" ಅಂದರೆ ಹ್ಯಾಂಗದೀರಿ; ಅದಕ್ಕೆ ಉತ್ತರ "ಲೆ ಲಾ". "ಅದರರ್ಥ ಛೊಲೋ ಅಂತಲ್ಲ, ಕೆಟ್ಟ ಅಂತಲ್ಲ. ಅದೀನ್ರಿ ಅಂತ! ಇಷ್ಟ ಉತ್ತರಾ ಕೊಟ್ಟು ಮುಗಸವ್ರು ನಾವಷ್ಟ ಅಂತ ತಿಳದಿದ್ನಿ" ಎಂದು ಮಾಸ್ತರ್ರು ತೊಡೆ ತಟ್ಟಿಕೊಳ್ಳುತ್ತಾರೆ. ಈಗ ನಮ್ಮೂರ ಹುಡುಗರು ಅವರಿಗೆ ನಮಸ್ಕಾರ ಬಿಟ್ಟು "ಲೆ ಲಾ ಏನ್ರಿ ಸರ್ರ?" ಅನ್ನುತ್ತಾರೆ.

2022ರ ಕೊನೆಗೆ ಜತ್ತದ ನಲವತ್ತು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂಬ ಮಾತು ಎರಡೂ ರಾಜ್ಯದ ಟೀವಿಯಲ್ಲಿ ಎದ್ದಾಗ, ಮೈಕು ಹಿಡಿದು ಬಂದ ಒಬ್ಬ ಹುಡುಗ ದುರ್ದೈವದಿಂದ ಮಾಸ್ತರ್ರನ್ನೇ ಕೇಳಿದ. "ಪ್ಯಾರಿಸ್ಸಿಗೂ ರೆಯುನಿಯೋಂಗೂ ಒಂಬತ್ತು ಸಾವಿರ ಕಿಲೋಮೀಟರ್ ಮಿಕ್ಕಿ ಐತಿ. ಆದ್ರೂ 1946ರಿಂದ ಅದು ಫ್ರಾನ್ಸಿನ ಒಂದು ಜಿಲ್ಲಾ ಇದ್ದಂಗ. ಯೂರೋ ನಡೀತೈತಿ. ಇಲ್ಲಿಂದ ಬಿಜಾಪುರಕ್ಕ ಎರಡು ತಾಸು…" ಎಂದು ಶುರುಮಾಡಿದರು. ನಲವತ್ತು ನಿಮಿಷದ ಆ ಸಂದರ್ಶನ ಯಾವ ವಾಹಿನಿಯಲ್ಲೂ ಬರಲಿಲ್ಲ.

ಇನ್ನು ಬೆಂಕಿಯ ವಿಷಯ. ಪಿತೊಂ ದ ಲಾ ಫುರ್ನೇಜ್, ಎತ್ತರ 2,632 ಮೀಟರು, ಜಗತ್ತಿನ ಬಹಳ ಚುರುಕಿನ ಜ್ವಾಲಾಮುಖಿಗಳಲ್ಲಿ ಒಂದು. ಎಷ್ಟೋ ವರ್ಷ ಒಂದಲ್ಲ ಎರಡು ಸಲ ಉಕ್ಕುತ್ತದೆ. ಮಾಸ್ತರ್ರು ಹೋದ ವಾರ ಉಕ್ಕಿರಲಿಲ್ಲ. ಮೊದಲ ವರ್ಷ ಅವರು ಹೇಳಿದ್ದು: "ಮಂಜು ಕವಿದಿತ್ತು, ಏನೂ ಕಾಣಲಿಲ್ಲ." ಎರಡನೆಯ ವರ್ಷ ಅದು ಮಂಜಲ್ಲ, ಹೊಗೆ. ಮೂರನೆಯ ವರ್ಷ ಹೊಗೆಯೊಳಗೆ ಗಂಧಕದ ವಾಸನೆ. ಹೋದ ವರ್ಷ ಒಂದು ಮೂಲೆಗೆ ಕೆಂಪಗೆ ಏನೋ ಮಿನುಗಿತು. ಚಹಾದಂಗಡಿಯವ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಇದನ್ನು ವರ್ಷವಾರು ಬರೆದಿಟ್ಟಿದ್ದಾನೆ; ಅವನ ಅಂದಾಜಿನಂತೆ ಬರುವ ದೀಪಾವಳಿಯೊಳಗೆ ಲಾವಾ ಹೊರಗೆ ಬರಲೇಬೇಕು. ಕಾಕುವನ್ನು ಕೇಳಿದರೆ, "ನಾ ಕಾರಿನ್ಯಾಗ ಕುಂತಿದ್ನೆಪಾ, ಥಂಡಿ ಹತ್ತಿತ್ತು" ಅನ್ನುತ್ತಾರೆ.

ಅವರು ಕಣ್ಣಾರೆ ಕಂಡದ್ದೇ ಸಾಕಷ್ಟಿತ್ತು ಅನ್ನುವುದು ನನ್ನ ಅಭಿಪ್ರಾಯ. ಪೂರ್ವದ ಕಡಲಂಚಿನ ರಸ್ತೆಯಲ್ಲಿ ಹೆಪ್ಪುಗಟ್ಟಿದ ಒಂದೊಂದು ಲಾವಾ ಹೊಳೆಗೂ ಅದು ಹರಿದ ಇಸವಿಯ ಫಲಕ ನೆಟ್ಟಿದ್ದಾರೆ. "ಅವರು ಲಾವಾದ ಇಸವಿ ಬರದಿಟ್ಟಾರ. ನಾವೂ ಹೊಲದ ಬದುವಿಗೆ ಬರದ ಇಸವಿ ಬರದಿಡಬೇಕಿತ್ತು, 1972ರಿಂದ ಶುರುಮಾಡಿ" ಎಂದು ಮಾಸ್ತರ್ರು ಒಮ್ಮೆ ಅಂದಿದ್ದರು. ಸೇಂಟ್ ರೋಸ್‌ನಲ್ಲೊಂದು ಇಗರ್ಜಿ ಇದೆ. 1977ರ ಏಪ್ರಿಲ್‌ನಲ್ಲಿ ಊರ ಮೇಲೆ ಬಂದ ಲಾವಾ ಅದರ ಬಾಗಿಲ ತನಕ ಬಂದು, ಎರಡಾಗಿ ಸೀಳಿ, ಸುತ್ತುವರಿದು ನಿಂತುಬಿಟ್ಟಿತು. ಅಲ್ಲಿ ಮಾಸ್ತರ್ರು ಚಪ್ಪಲಿ ಬಿಟ್ಟು ಗುಡ್ಡಾಪುರದ ದಾನಮ್ಮನ ಮುಂದೆ ಬಿದ್ದಂತೆ ಅಡ್ಡಬಿದ್ದರಂತೆ. ದಾರಿಯುದ್ದಕ್ಕೂ ಸೇಂಟ್ ಎಕ್ಸ್‌ಪೆದಿತ್ ಎಂಬ ದೇವರ ಕೆಂಪು ಗೂಡುಗಳು. ತುರ್ತು ಕೆಲಸಕ್ಕೆ ಆತನೇ ಗತಿ, ಕೆಲಸವಾಗದಿದ್ದರೆ ಸಿಟ್ಟಿಗೆದ್ದ ಭಕ್ತರು ಮೂರ್ತಿಯ ತಲೆಯನ್ನೇ ಹಾರಿಸುವುದುಂಟು. ಇದನ್ನು ಕೇಳಿದ ಮೋರ್ಚಾದ ಹಿರಿಯರು, "ಆ ದೇವರನ್ನ ನಮ್ಮ ಕಾಲುವಿ ಕೆಲಸಕ್ಕ ಬದಲಿ ಮಾಡಸ್ರಿ" ಎಂದರು.

ಮಾಸ್ತರ್ರ ಪಡಸಾಲೆಯಲ್ಲಿ, ಟೀವಿ ಪಕ್ಕ, ಪ್ಲಾಸ್ಟಿಕ್ ಹೂವಿನ ನಡುವೆ ಮುಷ್ಟಿ ಗಾತ್ರದ ಒಂದು ಕರಿಕಲ್ಲಿದೆ. ಜ್ವಾಲಾಮುಖಿಯ ಕಡೆಯಿಂದ ಸ್ವೆಟರಿನಲ್ಲಿ ಸುತ್ತಿ ತಂದದ್ದು. ಬಂದವರ ಅಂಗೈಯಲ್ಲಿ ಅದನ್ನಿಟ್ಟು, "ಬಿಸಿ ಹತ್ತತೈತೇನು?" ಎಂದು ಕೇಳುತ್ತಾರೆ. ಹತ್ತಿತು ಅಂದವರಿಗೆ ಚೂಡಾ ಬರುತ್ತದೆ. ಕಳೆದ ವಾರ ನಾನೂ ಹತ್ತಿತು ಅಂದು ಚೂಡಾ ತಿನ್ನುತ್ತ ಅಡುಗೆಮನೆಗೆ ಗ್ಲಾಸಿಡಲು ಹೋದೆ. ಕಾಕು ಬೆಳ್ಳುಳ್ಳಿ ಜಜ್ಜುತ್ತಿದ್ದರು. ಕೈಯಲ್ಲಿ ಸಣ್ಣ ಸಣ್ಣ ತೂತಿನ ಒಂದು ಕರಿಕಲ್ಲು.

"ಛಟ್ಟಿ ಅಮಾಸಿಗೆ ಧೂಳಾ ಝಾಡಸಾಗ ಮೊಮ್ಮಗ ಇದನ್ನ ಹೊರಗ ಒಗದಿದ್ದ" ಅಂದರು ದನಿ ತಗ್ಗಿಸಿ. "ಬಾವಿ ದಿಬ್ಬಿ ಮ್ಯಾಲಿಂದ ಒಂದು ತಂದು ಅಲ್ಲಿಟ್ನಿ. ಇದು ಆಮ್ಯಾಲ ಸಿಕ್ತು. ಬೆಳ್ಳೊಳ್ಳಿಗೆ ಇದ ಛೊಲೋ ಆಗತೈತಿ, ಜಾರಂಗಿಲ್ಲ."

ಹೊರಗಿನಿಂದ ಮಾಸ್ತರ್ರ ದನಿ ಬಂತು. ಯಾರೋ ಹೊಸಬರು ಬಂದಿದ್ದರು. "ಹಿಡಿ ತಮ್ಮಾ, ಗಟ್ಟಿ ಹಿಡಿ. ಬಿಸಿ ಹತ್ತತೈತೇನು?"