‘ಬೇಷರತ್ತಾಗಿ ಬಂದೋರೇ ಎಲ್ಲ’: ಸೇರ್ಪಡೆ ಶಾಲಿನ ಸಂದರ್ಶನ

ಫುಟ್‌ಬಾಲ್ ಲೀಗಿನಲ್ಲಿ ಸೋತು ತಳ ಸೇರಿದ ತಂಡವನ್ನು ಕೆಳಗಿನ ದರ್ಜೆಗೆ ದಬ್ಬುತ್ತಾರೆ. ಅಭಿಮಾನಿಗಳು ಒಂದು ವಾರ ಅತ್ತು, ಎರಡನೇ ವಾರದಿಂದ ಶುರು ಮಾಡುತ್ತಾರೆ: ‘ಈ ಸಲ ಬಂದಿರೋ ಹುಡುಗರು ಕಮಿಟ್‌ಮೆಂಟ್ ಇರೋರು ಕಣ್ರೀ’. ಬೂಕನಕೆರೆಯ ಕಡೆ ಫುಟ್‌ಬಾಲ್ ಹುಚ್ಚು ಅಷ್ಟಾಗಿಲ್ಲ. ಮಂಡ್ಯ ಸೀಮೆಗೆ ಕಬಡ್ಡಿಯೇ ಸಾಕು. ಆದರೆ ಆ ಹುಮ್ಮಸ್ಸು ಇಲ್ಲಿಯೂ ಧಾರಾಳವಾಗಿದೆ, ಪಕ್ಷಗಳ ಕಾರ್ಯಕರ್ತರಲ್ಲಿ. ಹಾಗಾಗಿ ಹೊಸದಾಗಿ ಬಂದವರ ಕೊರಳಿಗೆ ಮೊದಲು ಬೀಳುವ ಶಾಲನ್ನೇ ಮಾತಾಡಿಸಿದೆವು. ಹೋಟೆಲೊಂದರ ಹಿತ್ತಲಿನ ತಂತಿಯ ಮೇಲೆ ಅದು ಒಣಗುತ್ತಿತ್ತು.

ಪ್ರಶ್ನೆ: ನಮಸ್ಕಾರ. ತಾವು ಯಾವ ಪಕ್ಷದವರು?

ಶಾಲು: ಅದ್ಯಾಕೆ ಬುಡಿ ಸಾಮಿ. ಅಂಗಡೀಲಿದ್ದಾಗ ಹಸಿರು ಬಣ್ಣ. ನಮ್ ಜಿಲ್ಲೇಲಿ ಹಸಿರಾಗಿದ್ರೆ ತಂಟೆ ತಕರಾರಿಲ್ಲ. ರೈತಸಂಘದೋರ ಹೆಗಲ ಮೇಲೂ ಹಸಿರೇ, ದಳದ ಬಾವುಟವೂ ಹಸಿರೇ, ಕಾಂಗ್ರೆಸ್ ಬಾವುಟದ ಕೆಳಗಡೆ ಪಟ್ಟಿನೂ ಹಸಿರೇ. ನಮ್ಮೂರ ಯಡಿಯೂರಪ್ಪನೋರು ಪ್ರಮಾಣವಚನ ತಕ್ಕಂಡಾಗ್ಲೂ ಹೆಗಲ ಮೇಲೆ ಹಸಿರೇ. ನನ್ನ ಕುಲ ಕೇಳಬ್ಯಾಡಿ, ಅನುಭವ ಕೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಿಮ್ಮ ನೆಂಟರಿದ್ದಾರಂತೆ?

ಶಾಲು: ನಮ್ ದೊಡ್ಡವ್ವನ ಮಗ ಅವ್ನೆ. ಕಂಠೀರವ ಸ್ಟೇಡಿಯಮ್ಮಲ್ಲಿ ಬೆಂಗಳೂರು ಎಫ್‌ಸಿ ಆಟ ಇದ್ದಾಗ ನೀಲಿ ಮಫ್ಲರ್ ಆಗಿ ಹಾರಾಡ್ತನೆ. ಒಂದೇ ವ್ಯತ್ಯಾಸ. ಅವ್ನು ಇರೋದು ಅಭಿಮಾನಿ ಕೊರಳಲ್ಲಿ, ನಾನು ಬೀಳೋದು ಬಂದೋನ ಕೊರಳಿಗೆ. ಅಭಿಮಾನಿ ಅವನ್ನ ಮನೇಗೆ ತಕ್ಕೊಂಡೋಗಿ ಗೂಟಕ್ಕೆ ನೇತಾಕಿ ವರ್ಷಗಟ್ಟಲೆ ಮಡಿಕತ್ತನೆ. ಬಂದೋನು ಫೋಟೋ ಆದ ಗಳಿಗೇಲೆ ನನ್ನ ಕಾರಿನ ಹಿಂದಿನ ಸೀಟಿಗೆ ಎಸೀತನೆ.

ಪ್ರಶ್ನೆ: ಕರ್ನಾಟಕದ ಫುಟ್‌ಬಾಲ್ ತಂಡಗಳು ಕೆಳಗಿಳಿದದ್ದುಂಟೆ?

ಶಾಲು: ಉಂಟು. 2012ರಲ್ಲಿ ಎಚ್‌ಎಎಲ್ ತಂಡ ಐ-ಲೀಗಿಂದ ಇಳೀತು. ದುಡ್ಡು ಚೆಲ್ಲಿ ವಿದೇಶದೋರ್ನ ತರೋ ಕಾಲದಾಗೆ ಅವ್ರು ಕಾರ್ಖಾನೆ ನೌಕರರನ್ನೇ ಹೆಚ್ಚಾಗಿ ಆಡಿಸ್ತಿದ್ರು. ಸಂಬಳವೂ ಕಾರ್ಖಾನೇದು, ಅಂಗಿ ಮೇಲಿನ ಹೆಸರೂ ಕಾರ್ಖಾನೇದು. ಅದಕ್ಕಿಂತ ಬದ್ಧತೆ ಬೇಕಾ? ಆದ್ರೂ ತಳ ಸೇರಿದ್ರು. ಮಾರನೇ ವರ್ಷ, 2013ರಲ್ಲಿ, ಹೊಸ ಕಂಪನಿ ತಂಡ ಬೆಂಗಳೂರು ಎಫ್‌ಸಿ ಹುಟ್ಟಿತು. ಆಡಿದ ಮೊದಲ್ನೇ ಸಲಾನೇ ಐ-ಲೀಗ್ ಗೆದ್ದುಬುಡ್ತು. ಇಲ್ಲೇ ನೋಡಿ ಎಡವಟ್ಟಾಗಿದ್ದು. ಹೊಸಬರ್ನ ತಂದ್ರೆ ಗೆಲುವು ಬತ್ತದೆ ಅಂತ ಎಲ್ರೂ ನಂಬಿಬುಟ್ರು. 2024ರಲ್ಲಿ ಎಸ್‌ಸಿ ಬೆಂಗಳೂರು ಅಂತ ಇನ್ನೊಂದು ತಂಡ ಮೇಲಕ್ಕೆ ಬಂತು, ಒಂದೇ ಹಂಗಾಮಿಗೆ ಮತ್ತೆ ಕೆಳಗೋಯ್ತು. ಅವರ ಕತೆ ಯಾರೂ ಹೇಳಕಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕಿಗೆ ಬರೋಣ. ನಿಮ್ಮ ವೃತ್ತಿಜೀವನದ ದೊಡ್ಡ ದಿನ?

ಶಾಲು: 2019ರ ನವೆಂಬರ್ 14. ಹಿಂದಿನ ದಿನ ಸುಪ್ರೀಂ ಕೋರ್ಟು, ಪಕ್ಷ ಬಿಟ್ಟಿದ್ದ ಶಾಸಕರ ವಿಚಾರದಾಗೆ, ‘ಅನರ್ಹತೆ ಸರಿ, ಆದ್ರೆ ಚುನಾವಣೆಗೆ ನಿಲ್ಲಬೋದು’ ಅಂದಿತ್ತು. ಮಾರನೇ ದಿನ ಬೆಂಗಳೂರಲ್ಲಿ 16 ಜನ ಅನರ್ಹ ಶಾಸಕರು ಬಿಜೆಪಿ ಸೇರಿದ್ರು. ಒಂದೇ ವೇದಿಕೇಲಿ ಅಷ್ಟು ಕೊರಳು! ನಮ್ ಕುಲಬಾಂಧವರಿಗೆ ಹಬ್ಬ ಕಣ್ರೀ ಅವತ್ತು. ಅದರಾಗೆ ನಮ್ ಕೆ.ಆರ್. ಪೇಟೆ ನಾರಾಯಣಗೌಡ್ರೂ ಇದ್ರು. 2013ರಲ್ಲೂ 2018ರಲ್ಲೂ ದಳದಿಂದ ಗೆದ್ದಿದ್ದೋರು. ಡಿಸೆಂಬರ್ 9ಕ್ಕೆ ಉಪಚುನಾವಣೆ ಫಲಿತಾಂಶ ಬಂತು, ಬಿಜೆಪಿಯಿಂದ 9,731 ಮತದ ಅಂತರದಲ್ಲಿ ಗೆದ್ರು. ಮಂಡ್ಯ ಜಿಲ್ಲೇಲಿ ಕಮಲ ಖಾತೆ ತೆರೀತು. ಆವಾಗ ಕಟ್ಟೆ ಮೇಲೆ ಕೂತಿದ್ದೋರ ಮಾತು ಕೇಳಬೇಕಿತ್ತು ನೀವು. ‘ಇನ್ಮೇಲೆ ಜಿಲ್ಲೆ ನಮ್ದೇ. ಆವಯ್ಯ ಬದಲಾಗವ್ನೆ, ಪಕ್ಷಕ್ಕೆ ಪ್ರಾಣ ಕೊಡ್ತನೆ.’ ಬಂದು ತಿಂಗಳೂ ತುಂಬಿರಲಿಲ್ಲ.

ಪ್ರಶ್ನೆ: ಆಮೇಲೆ ಅವರು ಮಂತ್ರಿಯೂ ಆದರು.

ಶಾಲು: ಆದ್ರು. ಆಮೇಲಾಮೇಲೆ ಸಿಕ್ಕ ಖಾತೆ ಯಾವ್ದು ಗೊತ್ತಾ? ಯುವ ಸಬಲೀಕರಣ ಮತ್ತು ಕ್ರೀಡೆ! ತಂಡ ಬದಲಿಸಿ ಬಂದೋರಿಗೆ ಅದಕ್ಕಿಂತ ಒಪ್ಪೋ ಖಾತೆ ಇದ್ದೀತಾ?

ಪ್ರಶ್ನೆ: 2023ರಲ್ಲಿ?

ಶಾಲು: (ಗಾಳಿಗೆ ಒಮ್ಮೆ ಮಗ್ಗುಲಾಗಿ) ಇಳೀತು. ಮಂಡ್ಯದ ಏಳು ಕ್ಷೇತ್ರದಾಗೆ ಬಿಜೆಪಿಗೆ ಒಂದೂ ಬರ್ಲಿಲ್ಲ. ಕೆ.ಆರ್. ಪೇಟೇಲಿ ದಳದ ಎಚ್.ಟಿ. ಮಂಜು ಗೆದ್ರು. ಎರಡನೇ ಜಾಗ ಕಾಂಗ್ರೆಸ್ಸಿನ ದೇವರಾಜು ಅವರಿಗೆ, ನಾರಾಯಣಗೌಡ್ರಿಗೆ ಮೂರ್ನೇದು. ಇನ್ನೂ ಸ್ವಾರಸ್ಯ ಕೇಳಿ. ಆ ದೇವರಾಜು ಅವರು 2019ರ ಉಪಚುನಾವಣೇಲಿ ದಳದ ಅಭ್ಯರ್ಥಿ! ದಳದೋರಿಗೂ ನಗೋಕೆ ಜಾಗ ಇರ್ಲಿಲ್ಲ. 2018ರಲ್ಲಿ ಏಳಕ್ಕೆ ಏಳೂ ಗೆದ್ದಿದ್ದ ಜಿಲ್ಲೇಲಿ ಅವ್ರಿಗೆ ಉಳಿದಿದ್ದು ಇದೊಂದೇ.

ಪ್ರಶ್ನೆ: ಅಭಿಮಾನಿಗಳು ಕುಗ್ಗಿದರೇ?

ಶಾಲು: ಕುಗ್ಗೋದಾ! ಅದೇ ವರ್ಷ ಸೆಪ್ಟೆಂಬರಿಗೆ ದಳ ಬಿಜೆಪಿ ಜೊತೆ ಕೈ ಜೋಡಿಸ್ತು. ಮೇ ತಿಂಗಳಲ್ಲಿ ಯಾರು ತಮ್ಮನ್ನ ಸೋಲಿಸಿದ್ರೋ ಅವರ ಜೊತೆ ಒಂದೇ ಜೀಪಲ್ಲಿ ನಿಂತು ಕೈ ಬೀಸಬೇಕು. ಬೀಸಿದ್ರು. 2024ಕ್ಕೆ ಕುಮಾರಸ್ವಾಮಿ ಅವರು ಮಂಡ್ಯದಿಂದ ಲೋಕಸಭೆಗೆ ಗೆದ್ದಾಗ ಇಬ್ಬರೂ ಸೇರಿ ಪಟಾಕಿ ಹೊಡೆದ್ರು. 2019ರಲ್ಲಿ ಅವರ ಮಗನ್ನ ಸೋಲಿಸಿದ್ದ ಸುಮಲತಾ ಅವರು, 2024ರ ಏಪ್ರಿಲ್ಲಲ್ಲಿ ಬಿಜೆಪಿ ಸೇರಿ ಅದೇ ಸಾಲಿಗೆ ಬಂದ್ರು. ಫುಟ್‌ಬಾಲಿನಾಗೆ ಗೋಲು ಹೊಡೆದೋನು ಹೆಚ್ಚಂದ್ರೆ ಮುಂದಿನ ವರ್ಷ ನಮ್ ತಂಡಕ್ಕೆ ಬಂದಾನು. ಇಲ್ಲಿ ಎದುರಾಳಿ ತಂಡಕ್ಕೆ ತಂಡವೇ ನಮ್ ಬೆಂಚಿಗೆ ಬಂದು ಕೂರ್ತದೆ.

ಪ್ರಶ್ನೆ: ಅಕ್ಕಪಕ್ಕದ ತಾಲ್ಲೂಕುಗಳಲ್ಲಿ?

ಶಾಲು: ನಾಗಮಂಗಲದ ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ್ ಬಂಡಿಸಿದ್ದೇಗೌಡ. ದಳ ಬಿಟ್ಟು ಕಾಂಗ್ರೆಸ್ಸಿಗೆ ಹೋದ್ರು, 2018ರಲ್ಲಿ ಸೋತ್ರು, 2023ರಲ್ಲಿ ಗೆದ್ರು. ಅಲ್ಲಿ ಕಾಂಗ್ರೆಸ್ ಕಾರ್ಯಕರ್ತರು ‘ನೋಡಿ, ಸೋತ್ರೂ ಓಡೋಗ್ಲಿಲ್ಲ’ ಅಂತವ್ರೆ. ನ್ಯಾಯವಾದ ಮಾತೇ, ನಾನು ಅಡ್ಡಿ ಮಾಡಕಿಲ್ಲ. ಪಾಂಡವಪುರದ ಕಡೆ ನನಗೆ ಕೆಲಸ ಕಮ್ಮಿ. ರೈತಸಂಘದ ಪುಟ್ಟಣ್ಣಯ್ಯನೋರು ಹಸಿರು ಟವೆಲ್ ಬಿಡ್ಲಿಲ್ಲ. 2018ರ ಫೆಬ್ರವರೀಲಿ ಮಂಡ್ಯದಲ್ಲಿ ಕಬಡ್ಡಿ ನೋಡ್ತಿರೋವಾಗಲೇ ತೀರ್ಕಂಡ್ರು. ಆ ವರ್ಷ ಮಗ ದರ್ಶನ್ ಸೋತ್ರು, 2023ಕ್ಕೆ ಗೆದ್ರು. ಟವೆಲ್ ಮಾತ್ರ ಅದೇ. ಅಂಥೋರಿಂದ ನಮ್ ಹೊಟ್ಟೆ ತುಂಬಾಕಿಲ್ಲ.

ಪ್ರಶ್ನೆ: ನಿಮ್ಮೂರಿನವರೇ ಆದ ಯಡಿಯೂರಪ್ಪನವರ ಬದ್ಧತೆಯ ಬಗ್ಗೆ?

ಶಾಲು: ಹುಟ್ಟಿದ್ದು ಬೂಕನಕೆರೇಲಿ, ಆಡಿದ್ದು ಶಿಕಾರಿಪುರಕ್ಕೆ. ನಾಕು ಸಲ ಮುಖ್ಯಮಂತ್ರಿ. ಅವರೂ 2012ರ ಕೊನೇಲಿ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ರು, 2014ರಲ್ಲಿ ವಾಪಸ್ ಬಂದ್ರು. ಹೋದಾಗ ‘ಸ್ವಾಭಿಮಾನಿ’ ಅಂತ ಚಪ್ಪಾಳೆ, ಬಂದಾಗ ‘ನಿಷ್ಠಾವಂತ’ ಅಂತ ಚಪ್ಪಾಳೆ. ಎರಡೂ ಹೊಡೆದಿದ್ದು ಅವೇ ಕೈಗಳು.

ಪ್ರಶ್ನೆ: ಹೊಸಬರಲ್ಲಿ ಬದ್ಧತೆ ಇದೆ ಎಂದು ಅಭಿಮಾನಿಗಳಿಗೆ ಹೇಗೆ ಗೊತ್ತಾಗುತ್ತದೆ?

ಶಾಲು: ಕಚೇರಿ ಬಾಗಿಲಲ್ಲಿ ಚಪ್ಪಲಿ ಬಿಟ್ರೆ ಬದ್ಧತೆ. ಹಳೇ ಕಾರ್ಯಕರ್ತನ ಹೆಸರು ನೆನಪಿಟ್ಕಂಡು ಹೆಗಲ ಮೇಲೆ ಕೈ ಹಾಕಿದ್ರೆ ಭಾರೀ ಬದ್ಧತೆ. ಕಣ್ಣೀರು ಹಾಕಿದ್ರಂತೂ ಟಿಕೆಟ್ಟೇ ಗ್ಯಾರಂಟಿ. ಆ ಹಳೇ ಕಾರ್ಯಕರ್ತ, ಮೂವತ್ತು ವರ್ಷದಿಂದ ಬಾವುಟ ಕಟ್ಟಿದೋನು, ಅವ್ನ ಬದ್ಧತೆ ಮಾತ್ರ ಯಾರೂ ಅಳೆಯಾಕಿಲ್ಲ. ಅವನು ಎಲ್ಲೂ ಹೋಗಾಕಿಲ್ಲ ಅಂತ ಎಲ್ರಿಗೂ ಗೊತ್ತು. ಅವನ ಕೊರಳಿಗೆ ನಾನು ಯಾವತ್ತೂ ಬಿದ್ದಿಲ್ಲ. ಶಾಲು ಹಂಚೋ ಮೂಟೆ ಹೊರೋದು ಅವನೇ.

ಪ್ರಶ್ನೆ: ಪಕ್ಷಾಂತರ ತಡೆಯೋಕೆ 1985ರಿಂದ ಕಾನೂನಿದೆಯಲ್ಲ?

ಶಾಲು: ಅದೆ. ಅದು ಬಂದ್ಮೇಲೆ ಕುದುರೆ ಕೊಳ್ಳೋದು ನಿಂತಿಲ್ಲ, ರಾಜೀನಾಮೆ ಬರೆಯೋದು ಕಲ್ತವ್ರೆ. ಬೇರೆ ಪ್ರಶ್ನೆ ಕೇಳಿ.

ಪ್ರಶ್ನೆ: ಕೊನೆಯದಾಗಿ, ಅಭಿಮಾನಿಗಳಿಗೆ ಒಂದು ಮಾತು?

ಶಾಲು: ಫುಟ್‌ಬಾಲಲ್ಲಿ ಹೊಸ ಆಟಗಾರ ಬಂದ್ರೆ ಎಷ್ಟು ವರ್ಷದ ಕರಾರು ಅಂತ ಪೇಪರ್ರಲ್ಲಿ ಹಾಕ್ತಾರೆ. ಎರಡು ವರ್ಷ, ಮೂರು ವರ್ಷ. ಅಭಿಮಾನಿ ಅದನ್ನ ಓದ್ಕಂಡು ಆಸೆ ಇಟ್ಕತ್ತನೆ. ನಮ್ ಕಡೆ ಎಲ್ರೂ ‘ಬೇಷರತ್ತಾಗಿ’ ಬರ್ತಾರೆ, ಹೋಗೋದೂ ಬೇಷರತ್ತಾಗೇ. ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಅಷ್ಟರಲ್ಲಿ ನಿಮ್ಮೂರ ವೇದಿಕೆ ಮೇಲೂ ಯಾರಾದ್ರೂ ಬಂದು ನಿಲ್ತಾರೆ. ಹಾರ ಹಾಕೋಕೆ ಮುಂಚೆ ‘ಎಷ್ಟು ವರ್ಷಕ್ಕೆ ಬಂದ್ರಿ ಅಣ್ಣಾ’ ಅಂತ ಗಟ್ಟಿಯಾಗಿ ಕೇಳಿ. ಉತ್ತರ ಬರೋಗಂಟ ಪಟಾಕಿ ಹಚ್ಚಬ್ಯಾಡಿ.