ಹೆಗಲ ಮೇಲೆ ನಾಲ್ಕು ಹನಿ

ನಮ್ಮ ನಾಯಿ ರಾಜನ ಕಿವಿಯೊಳಗೆ ಹರಳುಬೀಜದಂಥ ಉಣುಗು ಕಂಡ ದಿನವೇ ಔಷಧಿ ತಂದೆ. ಪುಟ್ಟ ಪಿಪೆಟ್ಟು, ದೊಡ್ಡ ಬೆಲೆ. ಹೆಗಲೆಲುಬುಗಳ ನಡುವೆ, ಕೂದಲು ಸರಿಸಿ, ಚರ್ಮಕ್ಕೇ ಬಿಡಬೇಕು. ಅಲ್ಲಿಗೆ ನಾಲಿಗೆ ಎಟುಕದು. ರಾಜ ಮೈ ಕೊಡವಿದ. ಅರ್ಧ ನನ್ನ ಲುಂಗಿಗೆ. ಅಂದಿನಿಂದ ನನ್ನ ಲುಂಗಿಗೆ ಒಂದು ಚಿಗಟವೂ ಹತ್ತಿಲ್ಲ!

"ಮಿಕ್ಕಿದ್ದು ಬೆಕ್ಕಿಗೂ ಹಾಕ್ರೀ, ದುಡ್ಡು ಕೊಟ್ಟಿಲ್ವೇ?" ಅಂದಳು ಇವಳು. ಬೇಡವೇ ಬೇಡ. ನಾಯಿಯ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಮೈಗೆ ಅರಗದು; ನಡುಕ, ಸೆಳವು ಬಂದು ಪ್ರಾಣಕ್ಕೇ ಸಂಚಕಾರ.

ಎರಡು ದಿನ ಸ್ನಾನವಿಲ್ಲ ಎಂಬ ನಿಯಮ ಮಾತ್ರ ರಾಜನಿಗೆ ಬಹಳ ಹಿಡಿಸಿತು. ಬೆಕ್ಕು? ತನ್ನದೇ ಪಿಪೆಟ್ಟು ಕಂಡ ಕ್ಷಣದಿಂದ ಅಟ್ಟದ ಮೇಲಿದೆ. ಕೆಳಗೆ ನಾನು, ಕೈಯಲ್ಲೊಂದು ಬಂಗಡೆ ಹಿಡಿದು.