ಹಯವದನಪ್ಪನವರಿಗೆ ರಾವಂದೂರಿನ ನಕುಲನ ಬಹಿರಂಗ ಪತ್ರ

ಶ್ರೀಮಾನ್ ಹಯವದನಪ್ಪನವರಿಗೆ,

ಈ ಕಾಗದ ನಾಟಕದ ಯಾವ ಘಟ್ಟದಲ್ಲಿ ನಿಮ್ಮನ್ನು ಮುಟ್ಟುತ್ತದೋ ಗೊತ್ತಿಲ್ಲ. ಹಾಗಾಗಿ ಪಾದಕ್ಕೋ ಗೊರಸಿಗೋ, ಆ ಹೊತ್ತಿಗೆ ಯಾವುದಿದ್ದರೆ ಅದಕ್ಕೆ ನಮಸ್ಕಾರ.

ನಾನು ಪಿರಿಯಾಪಟ್ಟಣ ತಾಲ್ಲೂಕು ರಾವಂದೂರು ಹೋಬಳಿಯವನು. ಕಸುಬು ಹೊಗೆಸೊಪ್ಪು. ಹಬ್ಬದ ರಾತ್ರಿಯ ‘ಕುರುಕ್ಷೇತ್ರ’ದಲ್ಲಿ ನಕುಲ. ನಮ್ಮ ನಾಟಕದಲ್ಲಿ ನಕುಲನಿಗೆ ಮಾತು ಕಡಿಮೆ, ನಿಲ್ಲುವುದು ಜಾಸ್ತಿ. ಆದರೆ ಮೂಲ ಭಾರತದಲ್ಲಿ ಅವನು ಅಶ್ವಶಾಸ್ತ್ರ ಬಲ್ಲವನು, ಅಜ್ಞಾತವಾಸದಲ್ಲಿ ವಿರಾಟನ ಲಾಯ ನೋಡಿಕೊಂಡವನು. ಕುದುರೆ ಮುಖದವರಿಗೆ ಕಾಗದ ಬರೆಯುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ.

ವಿಷಯ ಇಷ್ಟು. ಮೈಸೂರಿನಲ್ಲಿ ಓದುತ್ತಿರುವ ನಮ್ಮ ಹುಡುಗರು ರಂಗಾಯಣದ ಕಡೆ ಅಡ್ಡಾಡಿ ಬಂದು, ಈ ವರ್ಷ ಕುರುಕ್ಷೇತ್ರ ಬೇಡ, ಕುದುರೆ ತಲೆಯ ನೀವು ಬರುವ ಗಿರೀಶ ಕಾರ್ನಾಡರ ‘ಹಯವದನ’ ಆಡೋಣ ಎಂದು ಹಟ ಹಿಡಿದಿದ್ದಾರೆ. 1971ರ ನಾಟಕ, ಐವತ್ತು ವರ್ಷ ದಾಟಿದ ಮೇಲೆ ನಮ್ಮ ಊರಿಗೆ ಹೊರಟಿದೆ. ನಮ್ಮ ಬಸ್ಸುಗಳೂ ಇಷ್ಟು ತಡ ಮಾಡುವುದಿಲ್ಲ.

ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಹುಡುಗರು ಕಥೆ ಹೇಳಿದರು. ದೇವದತ್ತ ಓದಿದ ಬ್ರಾಹ್ಮಣರ ಹುಡುಗ, ಕಪಿಲ ಕಟ್ಟುಮಸ್ತಾದ ಕಮ್ಮಾರರ ಹುಡುಗ, ಇಬ್ಬರೂ ಜೀವದ ಗೆಳೆಯರು. ದೇವದತ್ತನ ಹೆಂಡತಿ ಪದ್ಮಿನಿಗೆ ಇವನ ತಲೆಯೂ ಬೇಕು, ಅವನ ಮೈಯೂ ಬೇಕು. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕತ್ತರಿಸಿಕೊಳ್ಳುತ್ತಾರೆ. ನಿದ್ದೆಗಣ್ಣಿನ ಕಾಳಿ, ತಲೆ ಜೋಡಿಸು, ಬದುಕಿಸುತ್ತೇನೆ ಎಂದಾಗ ಪದ್ಮಿನಿ ಗಡಿಬಿಡಿಯಲ್ಲಿ ಇವನದನ್ನು ಅವನಿಗೆ, ಅವನದನ್ನು ಇವನಿಗೆ ಇಟ್ಟುಬಿಡುತ್ತಾಳೆ. ಈಗ ಗಂಡ ಯಾರು? ಜನ ಬೆಚ್ಚಿಬೀಳಲಿ ಎಂದು ಹುಡುಗರು ಅಲ್ಲಿಗೆ ನಿಲ್ಲಿಸಿ ಕಾದರು.

ಯಾರೂ ಬೆಚ್ಚಲಿಲ್ಲ. ಹಿರಿಯರೊಬ್ಬರು ಬೀಡಿ ಆರಿಸಿ, “ಇದ್ರಲ್ಲೇನ್ಲಾ ಐತೆ? ನಮ್ಮ ಕೃಷ್ಣಂಗೆ ವರ್ಷಾ ವರ್ಷಾ ಆಗೋದೇ ಅಲ್ವಾ?” ಅಂದರು.

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಪಾತ್ರವನ್ನು ಮೇಷ್ಟ್ರು ಹಂಚುವುದಿಲ್ಲ, ದುಡ್ಡು ಹಂಚುತ್ತದೆ. ಸೀನರಿ, ಮೈಕ್‌ಸೆಟ್, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಬಣ್ಣ, ಊಟ ಎಲ್ಲವೂ ಪಾತ್ರಧಾರಿಗಳ ಜೇಬಿನಿಂದಲೇ ಹೊರಡಬೇಕು. ಆದ್ದರಿಂದ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಕಿರೀಟ. ಮಾರ್ಕೆಟ್ಟಿನಲ್ಲಿ ಹೊಗೆಸೊಪ್ಪಿಗೆ ಬ್ರೈಟು, ಮೀಡಿಯಂ, ಲೋ ಎಂದು ಗ್ರೇಡು ಇರುವ ಹಾಗೆ ಕುರುಕ್ಷೇತ್ರಕ್ಕೂ ಇದೆ. ಕೃಷ್ಣ, ದುರ್ಯೋಧನ ಬ್ರೈಟು. ಕರ್ಣ, ಭೀಮ, ಶಕುನಿ ಮೀಡಿಯಂ. ನಕುಲ ಸಹದೇವರು ಸೊಪ್ಪು ಹದ ಮಾಡುವ ಬ್ಯಾರನ್ನಿನ ಮೂಲೆಯಲ್ಲಿ ಕಪ್ಪಾದ ಎಲೆ. ನನಗೆ ಒಂದು ಚೀಲ ರಾಗಿಯ ದುಡ್ಡಿಗೆ ಸಿಕ್ಕಿತು.

ಕೃಷ್ಣನಿಗೆ ಇಬ್ಬರು ಸಮಸಮ ಕೂಗಿದರೆ? ಇಬ್ಬರಿಗೂ ಕೊಡುವುದು. ಅರ್ಧ ರಾತ್ರಿಯವರೆಗೆ ಒಂದನೇ ಕೃಷ್ಣ, ಆಮೇಲೆ ಎರಡನೇ ಕೃಷ್ಣ. ಹಿಂದಿನ ಸಲ ಒಂದನೆಯವರು ಆರಡಿ ಆಳು, ಹೊಟ್ಟೆ ಬೇರೆ. ಎರಡನೆಯವರು ನನ್ನ ಭುಜಕ್ಕೆ ಬರುತ್ತಾರೆ. ಸಂಧಾನಕ್ಕೆ ಮುಂಚಿನ ಸೀನಿನಲ್ಲಿ ಪರದೆ ಎದ್ದಾಗ ನನಗೇ ಗುರುತು ಸಿಗದೆ, ಕೈಮುಗಿಯುವುದು ಬಿಟ್ಟು ಯಾರೋ ದಾರಿ ತಪ್ಪಿ ಬಂದರೆಂದು ಪಕ್ಕಕ್ಕೆ ಸರಿದೆ. ಮೇಷ್ಟ್ರು ಹಾರ್ಮೋನಿಯಂನಿಂದಲೇ ಬೈದರು. ಮುಂದೆ ಚಾಪೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ಕಣ್ಣೊರೆಸಿಕೊಂಡು, “ದ್ವಾರಕೆಯಿಂದ ನಡ್ಕಂಡ್ ಬಂದು ಎಷ್ಟು ಸೊರಗೋಗವ್ನೆ ನೋಡು ಮಗ” ಎಂದರು. ತಲೆ ಬದಲಾದರೂ ಮೈ ಬದಲಾದರೂ ಅಜ್ಜಿಗೆ ಅವನು ಕೃಷ್ಣನೇ. ನಿಮ್ಮ ಪದ್ಮಿನಿಗೆ ಈ ಅಜ್ಜಿ ಮೊದಲೇ ಸಿಕ್ಕಿದ್ದರೆ ಅರ್ಧ ನಾಟಕ ಉಳಿಯುತ್ತಿತ್ತು.

ನಿಮ್ಮ ನಾಟಕದಲ್ಲಿ ತಲೆಯೇ ಉತ್ತಮಾಂಗ, ತಲೆ ಯಾರದೋ ಅವನೇ ಗಂಡ ಎಂದು ಋಷಿಯೊಬ್ಬರು ತೀರ್ಪು ಕೊಟ್ಟರಂತೆ. ರಾವಂದೂರಿಗೆ ಬಂದಿದ್ದರೆ ಜೇಬು ಎನ್ನುತ್ತಿದ್ದರು.

ಇದನ್ನು ಕೇಳಿ ಪಟ್ಟಣದ ರಂಗಭೂಮಿಯವರು ಮೂಗು ಮುರಿಯುತ್ತಾರೆ. ಮುರಿಯಲಿ. ನನಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸುತ್ತಿತ್ತು. ಆದರೆ ದುರ್ಯೋಧನನ ಪಾತ್ರಕ್ಕೆ ಸಾಲ ಮಾಡಿ ದುಡ್ಡು ಕಟ್ಟಿದವರ ಪಕ್ಕದಲ್ಲಿ ಬಣ್ಣ ಹಚ್ಚಿಸಿಕೊಂಡು ಕೂತಿದ್ದೇನೆ. ವರ್ಷವಿಡೀ ನಾವು ಬೆಳೆದ ಸೊಪ್ಪಿನ ಬೇಲ್‌ಗೆ ಬೆಲೆ ಕಟ್ಟುವವರು ಬೇರೆಯವರು. ಸಸಿ ಮಡಿಯಿಂದ ಹಿಡಿದು ಬ್ಯಾರನ್ನಿನ ಬೆಂಕಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಸೌದೆ ಒಟ್ಟುವವರೆಗೆ ಎಲ್ಲ ನಾವು, ಕೊನೆಗೆ ರೇಟು ಹೇಳುವಾಗ ನಾವು ಬಾಯಿ ಮುಚ್ಚಿಕೊಂಡು ನಿಂತಿರಬೇಕು. ನಾವೇ ಕೂಗುವ ಹರಾಜು ಅಂತ ನಮ್ಮ ಬದುಕಿನಲ್ಲಿ ಇರುವುದು ಈ ಪಾತ್ರದ ಹರಾಜು ಒಂದೇ. ಒಂದು ಖಾತೆ ಬದಲಾವಣೆಗೆ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಂತವರು, ಆ ರಾತ್ರಿ ಗದೆ ಹೊತ್ತು, ಸೂಜಿಮೊನೆಯಷ್ಟು ನೆಲವನ್ನೂ ಬಿಡೆನೆಂದು ಸಾಕ್ಷಾತ್ ದೇವರ ಮುಖಕ್ಕೇ ಹೇಳಿ, ಒನ್ಸ್ ಮೋರ್ ಅನ್ನಿಸಿಕೊಂಡು, ನೋಟಿನ ಹಾರ ಹಾಕಿಸಿಕೊಂಡು ಇಳಿಯುತ್ತಾರೆ. ಆ ಸುಖಕ್ಕೆ ಅಷ್ಟು ದುಡ್ಡು ಜಾಸ್ತಿಯಲ್ಲ. ಪದ್ಯ ಮಾತ್ರ ಯಾವ ಶ್ರುತಿಯಲ್ಲಿ ಬರುತ್ತದೆಂದು ಕೇಳಬೇಡಿ.

ಇನ್ನು ಪದ್ಮಿನಿ. ನಮ್ಮ ದ್ರೌಪದಿ, ಕುಂತಿ, ರುಕ್ಮಿಣಿಯರೆಲ್ಲ ಹೊರಗಿನಿಂದ ಬರುವ ಕಲಾವಿದೆಯರು. ಸಂಜೆ ಇಳಿದು, ಬಣ್ಣ ಹಚ್ಚಿ, ಹಿಂದೆಂದೂ ನೋಡಿರದ ಐದು ಜನ ಗಂಡಂದಿರ ಜೊತೆ ಬೆಳಗಿನವರೆಗೆ ಸಂಸಾರ ಮಾಡಿ, ಮಾತು ಮರೆತವರಿಗೆ ಸೆರಗಿನ ಮರೆಯಿಂದ ಮಾತು ಕೊಟ್ಟು, ಬೆಳಗಿನ ಬಸ್ಸಿಗೆ ಹೋಗುತ್ತಾರೆ. ಮಾರನೇ ರಾತ್ರಿ ಇನ್ನೊಂದೂರಿನ ಧರ್ಮರಾಯ. ಅವರೆದುರು ಎರಡು ತಲೆ ಅದಲುಬದಲಾದ ಕಥೆಯನ್ನು ದೊಡ್ಡ ಸಮಸ್ಯೆಯೆಂದು ಹೇಳಲು ನನಗೆ ನಾಚಿಕೆ.

ಪಂಚಾಯ್ತಿಯಲ್ಲಿ ಆಕ್ಷೇಪಣೆಗಳೂ ಬಂದವು. ಕಾಳಿ ಆಕಳಿಸುತ್ತಾಳೆಂಬುದು ಮೊದಲನೆಯದು. ಪಿರಿಯಾಪಟ್ಟಣದ ಮಸಣಿಕಮ್ಮನ ಸೀಮೆಯಲ್ಲಿ ದೇವಿ ತೂಕಡಿಸಿದಳೆಂದು ತೋರಿಸಿದರೆ ಮಳೆ ಹೋದೀತು ಎಂದರು. ಸಂಧಾನವಾಗಿ, ದೇವಿ ನಾಲಿಗೆ ಚಾಚಬಹುದು, ಬಾಯಿ ಕಳೆಯಬಾರದು ಎಂದು ತೀರ್ಮಾನವಾಯಿತು. ಅದು ಹೇಗೆಂದು ಯಾರೂ ಕೇಳಲಿಲ್ಲ. ಎರಡನೆಯದು, ಕುದುರೆಯನ್ನು ರಂಗಕ್ಕೆ ತರುವುದು ನಾಟಕವೇ ಎಂಬುದು. ಅದಕ್ಕೆ ನಾನೇ ಎದ್ದು ಉತ್ತರ ಕೊಟ್ಟೆ. ಗುಬ್ಬಿ ವೀರಣ್ಣನವರ ಕಂಪನಿ ಇದೇ ಕುರುಕ್ಷೇತ್ರಕ್ಕೆ ಜೀವಂತ ಆನೆ ಕುದುರೆ ತಂದು ನಿಲ್ಲಿಸಿತ್ತು. ಮನೆ ಬಿಟ್ಟು ಓಡಿಹೋಗಿ ಆ ಕಂಪನಿ ಸೇರಿದ್ದ ಹುಡುಗನೊಬ್ಬ ಮುಂದೆ ಬಿ.ವಿ. ಕಾರಂತರಾಗಿ ‘ಹಯವದನ’ಕ್ಕೆ ಸಂಗೀತ ಹಾಕಿದರು, 1989ರಲ್ಲಿ ಮೈಸೂರಿನ ರಂಗಾಯಣವನ್ನೂ ಕಟ್ಟಿದರು. ಲೆಕ್ಕ ಹಿಡಿದರೆ ನೀವು ನಮ್ಮ ದುರ್ಯೋಧನನಿಗೆ ದಾಯಾದಿಯೇ. ಸಾಲದ್ದಕ್ಕೆ ನಿಮ್ಮ ತಾಯಿ ಕರ್ನಾಟಕದ ರಾಜಕುಮಾರಿ. ತಂದೆ ಬಿಳಿ ಕುದುರೆಯಾದರೇನು, ತಾಯಿ ಕಡೆಯಿಂದ ನೀವು ಸ್ಥಳೀಯರು.

ನಾಟಕ ಗಣಪತಿ ಪೂಜೆಯಿಂದ ಶುರುವಾಗುತ್ತದೆಂದು ಕೇಳಿ ಎಲ್ಲರಿಗೂ ಸಮಾಧಾನವಾಯಿತು. ಆನೆ ತಲೆಗೆ ಕೈಮುಗಿಯುವವರು ಕುದುರೆ ತಲೆ ಎಂದರೆ ಏಕೆ ಹೆದರಿ ಓಡುತ್ತಾರೆ ಎಂಬುದು ನಿಮ್ಮ ಹಳೇ ದುಃಖ ಅಂತ ಬಲ್ಲೆ. ಈ ವಿಷಯದಲ್ಲಿ ಊರಿನ ಪರವಾಗಿ ನನ್ನಲ್ಲಿ ಉತ್ತರವಿಲ್ಲ.

ಕೊನೆಗೆ ಹರಾಜು. ದೇವದತ್ತ ಕಪಿಲರಿಗೆ ಚೆನ್ನಾಗಿಯೇ ಕೂಗಿದರು. ಅಷ್ಟರಲ್ಲಿ ಹುಡುಗನೊಬ್ಬ ಬಾಯಿ ಜಾರಿ, ಇಬ್ಬರಿಗೂ ಮುಖವಾಡ ಇರುತ್ತದೆ, ತಲೆ ಬದಲಾಗುವುದೆಂದರೆ ಮುಖವಾಡ ಬದಲಾಗುವುದು ಎಂದುಬಿಟ್ಟ. ಹರಾಜು ಅಲ್ಲೇ ಬಿದ್ದುಹೋಯಿತು. “ಮೊಕ ಕಾಣ್ದಿದ್ಮೇಲೆ ದುಡ್ಡ್ಯಾಕ್ ಕೊಡಣ? ನಮ್ಮತ್ತೆ ಮನೆಯೋರು ಬಂದಿರ್ತಾರೆ ಕಣ್ರಪ್ಪ!” ನೀವು ಪೂರ್ಣತ್ವ ಹುಡುಕಿಕೊಂಡು ಗುಡಿಗುಡಿ ಅಲೆದವರು, ದೇಶಭಕ್ತಿ, ಸಮಾಜಸೇವೆ ಎಲ್ಲ ಮಾಡಿ ನೋಡಿದವರು. ಇಲ್ಲಿ ಯಾರಿಗೂ ಪೂರ್ತಿಯಾಗುವ ಆಸೆಯಿಲ್ಲ. ಕುತ್ತಿಗೆಯಿಂದ ಮೇಲೆ ಕಂಡರೆ ಸಾಕು.

ನಿಮ್ಮ ಪಾತ್ರಕ್ಕೆ ಕೂಗಿದವನು ನಾನೊಬ್ಬನೇ. ಅದೇ ಒಂದು ಚೀಲ ರಾಗಿ. ನಕುಲನಾಗಿ ನಿಂತು ನಿಂತು ನನಗೆ ಮುಖ ಕಾಣದಿದ್ದರೂ ನಡೆಯುತ್ತದೆ. ಆದರೆ ಊರಿನ ಪದ್ಧತಿ ಬಿಡಲಾಗದು. ಅರ್ಧ ಕುದುರೆಯಾದ ಒಂದನೇ ಹಯವದನ ನಾನು. ಕಾಳಿಯ ವರದಿಂದ ಪೂರ್ತಿ ಕುದುರೆಯಾಗುವ ಎರಡನೇ ಹಯವದನನಿಗೆ ನಾಲ್ಕು ಕಾಲು, ಅಂದರೆ ಇಬ್ಬರು ಬೇಕು. ಮುಂಗಾಲಿಗೆ ಸಹದೇವ ಒಪ್ಪಿದ್ದಾನೆ. ಹಿಂಗಾಲು ಖಾಲಿ ಇದೆ.

ತಾವೇ ಬಂದರೆ ದುಡ್ಡು ಕಟ್ಟುವುದು ಬೇಡ. ನಾಟಕ ಒಂಬತ್ತು ಗಂಟೆಗೆ ಎಂದು ಬೋರ್ಡಿನಲ್ಲಿರುತ್ತದೆ. ಅತಿಥಿಗಳ ಭಾಷಣ, ಶಾಲು, ಹಾರ, ಪೇಟ ಮುಗಿದು ಗಣಪತಿಗೆ ಕಾಯಿ ಒಡೆಯುವಷ್ಟರಲ್ಲಿ ಹನ್ನೊಂದೂವರೆ ಆಗುತ್ತದೆ, ನಿಧಾನವಾಗಿ ಬನ್ನಿ. ಮೈಸೂರಿನ ಕಡೆಯಿಂದಾದರೆ ಹುಣಸೂರು ದಾಟಿ ಪಿರಿಯಾಪಟ್ಟಣದಲ್ಲಿ ಇಳಿದು ನಮ್ಮೂರ ಬಸ್ಸು ಹಿಡಿಯಿರಿ. ಕಂಡಕ್ಟರ್ ಕುದುರೆ ತಲೆಗೆ ಲಗೇಜು ಕೇಳಿದರೆ, ತಲೆ ನಿಮ್ಮದೇ ಎಂದು ಹೇಳಿ.

ಇಂತಿ,
ನಕುಲ, ಹಾಲಿ ಕುದುರೆ
ರಾವಂದೂರು